ಶೀನನ ತುಕ್ಕು ಹಿಡಿಯದ ಸೈಕಲ್ಲು

2006ನೇ ಇಸವಿ. ಗಂಡ ತೀರಿಕೊಂಡ ಮೇಲೆ ನಾವುಂದದ ಸೈಕಲ್ ರಿಪೇರಿ ಅಂಗಡಿ ನನ್ನ ಕೈಗೆ ಬಂದು ಒಂಬತ್ತು ವರ್ಷವಾಗಿತ್ತು. ನಾನು ಓದಿದ್ದು ಎರಡನೇ ಕ್ಲಾಸು. ಪಂಕ್ಚರ್ ಹಾಕಲು ಅಷ್ಟೂ ಬೇಡ.

ಮೀನು ಮಾರುವ ಶೀನನಿಗೆ ಮುಂಬಯಿಯ ಭಾವ ತನ್ನ ಹಳೆಯ ಅಲ್ಯೂಮಿನಿಯಂ ಸೈಕಲ್ ಕೊಟ್ಟಿದ್ದ. ಶೀನ ಅದಕ್ಕೆ ಕ್ಯಾರಿಯರ್ ಬಿಗಿದು, ದಿನಾ ಐಸು ಸೇರಿ ನಲವತ್ತು ಕೆಜಿ ಬಂಗುಡೆ ಹೇರಿ ಬೈಂದೂರಿಗೆ ತುಳಿಯುತ್ತಿದ್ದ.

"ಗುಲಾಬಕ್ಕ, ಇದಕ್ಕೆ ತುಕ್ಕೇ ಇಲ್ಲ. ನನ್ ಮೊಮ್ಮಕ್ಳ್ ಕಾಲಕ್ಕೂ ಇರತ್ತ್ ಕಾಣಿ."

ಒಂದು ಬೆಳಿಗ್ಗೆ, ಕಟಕಟ ಸದ್ದು ಬರುತ್ತದೆ ಎಂದು ಮೀನಿನ ಸಮೇತ ತಂದ. ಜೊತೆಗೆ ಹೆಂಡತಿ ಜಲಜ. ಸೀಟಿನ ಕೆಳಗೆ, ಪೈಪುಗಳು ಸೇರುವ ಬೆಸುಗೆಯ ಹತ್ತಿರ ಕೂದಲೆಳೆಯಂಥ ಗೀರು ಕಂಡಿತು. ಸೀಮೆಎಣ್ಣೆ ಹಚ್ಚಿ, ಚೆನ್ನಾಗಿ ಒರೆಸಿ, ನನ್ನ ಎಲೆಯಡಿಕೆ ಡಬ್ಬಿಯ ಸುಣ್ಣವನ್ನು ತೆಳ್ಳಗೆ ಬಳಿದೆ. ಬರೀ ಗೀರಾದರೆ ಸುಣ್ಣ ಬಿಳಿಯಾಗಿಯೇ ಒಣಗುತ್ತದೆ. ಬಿರುಕಾದರೆ ಒಳಗಿಳಿದ ಎಣ್ಣೆ ಸುಣ್ಣಕ್ಕೆ ಹತ್ತುತ್ತದೆ. ಹತ್ತು ನಿಮಿಷದಲ್ಲಿ ಕಪ್ಪು ಗೆರೆ ಎದ್ದಿತು. ಅರ್ಧ ಪೈಪು ಸುತ್ತಿತ್ತು.

"ಇದ್ರ ಆಯಸ್ಸ್ ಮುಗೀತ್. ಗುಜರಿಗೆ ಹಾಕ್," ಎಂದೆ.

"ವೆಲ್ಡಿಂಗ್ ಮಾಡ್ಸಿರೆ?"

"ಇದ್ ಕಬ್ಬಿಣ ಅಲ್ಲ ಮಾರಾಯ. ಇಲ್ಲಿಯವ್ರ್ ಬೆಂಕಿ ಹಿಡದ್ರೆ ತೂತ್ ಬೀಳತ್ತ್. ಹೈವೇಲಿ ಮುರದ್ರೆ ಹಿಂದೆ ಲಾರಿ ಇರತ್ತ್, ನೆನಪಿರ್ಲಿ."

"ಸುಣ್ಣ ಹಚ್ಚಿ ಹೆದ್ರಸ್ಬೇಡಿ. ಸುಣ್ಣ ಎಲೆಗೆ ಹಚ್ಚಿ!"

ಜಲಜ ಹಗ್ಗ ಬಿಚ್ಚಿ ಬುಟ್ಟಿಗಳನ್ನು ನನ್ನ ಅಂಗಡಿಯೊಳಗೆ ಇಳಿಸಿದಳು.

"ನೀವ್ ಹೋಪುದಾದ್ರೆ ಹೋಯ್ನಿ. ಮೀನ್ ಇಲ್ಲೇ ಇರ್ಲಿ."

ಶೀನನಿಗೆ ಕೋಪ ನೆತ್ತಿಗೇರಿತು. "ಕಾಣಿ ಹಾಂಗಾರೆ!" ಎಂದು ಅಂಗಡಿ ಮುಂದೆಯೇ ಸೀಟು ಹತ್ತಿ ಕುಣಿದ. ಎರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲಕ್ಕೆ ಫಟ್! ಸೀಟು ಒಂದು ಕಡೆ, ಶೀನ ಒಂದು ಕಡೆ. ಕೈಯಿಂದ ಹ್ಯಾಂಡಲ್ ಮಾತ್ರ ಬಿಟ್ಟಿರಲಿಲ್ಲ.

ಜಲಜ ಬಗ್ಗಿ ನೋಡಿದಳು. ಗಂಡನನ್ನಲ್ಲ, ಬುಟ್ಟಿಯನ್ನು.

"ಮೀನಿಗೆ ಎಂತದೂ ಆಯ್ಲಿಲ್ಲ."

ಕಬ್ಬಿಣ ಮುರಿಯುವ ಮೊದಲು ತುಕ್ಕು ತೋರಿಸುತ್ತದೆ, ಬಾಗುತ್ತದೆ. ಅಲ್ಯೂಮಿನಿಯಂ ಹೊಳೆಯುತ್ತಲೇ ಮುರಿಯುತ್ತದೆ. ಅದು ಎಷ್ಟು ವರ್ಷ ಬಾಳುತ್ತದೆ ಎಂದು ಯಾರಾದರೂ ಕೇಳಿದರೆ, ಎಷ್ಟು ಹೇರುತ್ತೀರಿ, ಬೆಸುಗೆ ನೋಡಿ ಎಷ್ಟು ದಿನವಾಯಿತು ಎಂದು ನಾನು ತಿರುಗಿ ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ.

ಆ ಫ್ರೇಮು ಈಗ ನನ್ನ ಹಿತ್ತಿಲಲ್ಲಿ ಹೀರೆಬಳ್ಳಿಗೆ ಆಸರೆ. ಶೀನ ಬಂದಾಗಲೆಲ್ಲ ತಟ್ಟಿ ನೋಡುತ್ತಾನೆ.

"ಕಾಣಿ ಗುಲಾಬಕ್ಕ, ಈಗ್ಳೂ ತುಕ್ಕಿಲ್ಲ!"

ಅದೇನೂ ಸುಳ್ಳಲ್ಲ. ಹೀರೆಕಾಯಿಯ ಭಾರಕ್ಕೆ ಅದು ಅವನ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.