ಕಳಿಸುವ ಕಡೆಯ ಮೆಷೀನು

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕಿರಿದಾದ ಕೋಣೆಯಲ್ಲಿ ಕೂತು ಇಡೀ ಕಟ್ಟಡದ ನೆಟ್‌ವರ್ಕ್ ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ನೆಟ್ ಅಕ್ಕ. ದೊಡ್ಡ ಡಾಕ್ಟರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅಕ್ಕನೇ. ಕೋಪ ಮಾತ್ರ ಮೂಗಿನ ತುದಿಯಲ್ಲಿ. ಬಾರದೆ ಇರುತ್ತದೆಯೇ? ನೆಟ್‌ವರ್ಕ್ ಸರಿಯಿದ್ದ ದಿನ ಯಾರೂ ಅವಳ ಕಡೆ ತಿರುಗಿಯೂ ನೋಡುವುದಿಲ್ಲ, ಕೈಕೊಟ್ಟ ದಿನ ಎಲ್ಲರೂ ಫೋನ್ ಹಿಡಿದು ಮೇಲೆ ಬೀಳುತ್ತಾರೆ. ಹತ್ತೊಂಬತ್ತು ವರ್ಷದಿಂದ ಇದೇ ಪಾಡು.

ಈ ವಾರವಂತೂ ಅವಳ ತಲೆ ಕೆಟ್ಟು ಹೋಗಿತ್ತು. ಕಾರಣ, ನಾಲ್ಕು ಗಂಟೆ ದಾರಿಯಾಚೆಗಿನ ಶಾಖೆ. ಅಲ್ಲೊಂದು ಚಿಕ್ಕ ಸ್ಕ್ಯಾನ್ ಕೋಣೆ. ಅದನ್ನು ನಡೆಸುವವನು ಅವಳ ಸ್ವಂತ ತಮ್ಮ. ಅವನು ತೆಗೆದ ಚಿತ್ರಗಳು ಇಲ್ಲಿಗೆ ಬರಬೇಕು, ಇಲ್ಲಿನ ಡಾಕ್ಟರು ನೋಡಿ ಹೇಳಬೇಕು. ಮೂರು ವರ್ಷದ ಹಿಂದೆ ಕೇಬಲ್ ಹೋಗಿ ಉಪಗ್ರಹದ ಲಿಂಕ್ ಬಂದಾಗಿನಿಂದ ಹತ್ತು ನಿಮಿಷದ ಕೆಲಸ ಒಂದೂವರೆ ಗಂಟೆ ಹಿಡಿಯುತ್ತಿತ್ತು. ತಲೆಗೆ ಪೆಟ್ಟು ಬಿದ್ದವರನ್ನು ಅಷ್ಟು ಹೊತ್ತು ಬೆಂಚಿನ ಮೇಲೆ ಕೂರಿಸುವುದೇ? ಆಡಳಿತಾಧಿಕಾರಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಶುಕ್ರವಾರ ಮೂರು ಗಂಟೆಯ ಸಭೆಯೊಳಗೆ ಸರಿಹೋಗದಿದ್ದರೆ ಸ್ಕ್ಯಾನ್ ಕೋಣೆ ಬಂದ್. ತಮ್ಮನ ಕೆಲಸವೂ ಅದರ ಜೊತೆಗೇ.

"ಆ ಫ್ಲ್ಯಾಗು ಗೀಗು ಅಂತೀರಲ್ಲ ಮೇಡಂ, ಎಲ್ಲಾನೂ ಸ್ವಲ್ಪ ಜಾಸ್ತಿ ಮಾಡ್ಬಿಡಿ," ಎಂದಿದ್ದರು.

"ಜಾಸ್ತಿ ಮಾಡೋಕೆ ಅದೇನು ಫ್ಯಾನ್ ರೆಗ್ಯುಲೇಟರಾ ಸಾರ್?"

ಫ್ಲ್ಯಾಗು ಎಂದರೆ ಬ್ರಹ್ಮವಿದ್ಯೆಯೇನಲ್ಲ. ಒಂದು ಮೆಷೀನು ಚಿತ್ರವನ್ನು ಚೂರು ಚೂರು ಮಾಡಿ ಕಳಿಸುತ್ತದೆ, ಆಚೆ ಕಡೆಯದು 'ಸಿಕ್ಕಿತು' ಎಂದು ಉತ್ತರ ಕೊಡುತ್ತದೆ. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಬಾರದಿದ್ದರೆ ಎಷ್ಟು ಸಲ ಮತ್ತೆ ಕಳಿಸಬೇಕು, ಉತ್ತರ ಬರುವ ಮುಂಚೆಯೇ ಎಷ್ಟು ಚೂರು ಬಿಡಬಹುದು, ಇವನ್ನೆಲ್ಲ ಒಂದು ಫೈಲಿನಲ್ಲಿ ಸಾಲಾಗಿ ಬರೆದಿರುತ್ತಾರೆ. ಒಂದೊಂದು ಸಾಲೂ ಒಂದೊಂದು ಫ್ಲ್ಯಾಗು. ನೆಟ್ ಅಕ್ಕನ ಫೈಲಿನಲ್ಲಿ ಅಂಥವು ಮೂವತ್ತೊಂದು. ಬಂದ ಎಂಜಿನಿಯರೆಲ್ಲ ಒಂದೊಂದು ಸೇರಿಸಿ ಕೈತೊಳೆದುಕೊಂಡು ಹೋದವರೇ. ತೆಗೆಯುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಒಂದರ ಪಕ್ಕದಲ್ಲಿ ಯಾರೋ ಪುಣ್ಯಾತ್ಮ 'ಯಾಕೋ ಗೊತ್ತಿಲ್ಲ, ಮುಟ್ಟಬೇಡಿ' ಎಂದು ಬರೆದಿಟ್ಟಿದ್ದ.

ಸೋಮವಾರದಿಂದ ಅವಳು ಒಂದೊಂದನ್ನೇ ತಿರುವುತ್ತ ಬಂದಳು. ತಿರುವಿದಾಗೆಲ್ಲ ದೊಡ್ಡದೊಂದು ಫೈಲನ್ನು ಶಾಖೆಗೆ ಕಳಿಸಿ ಗಡಿಯಾರ ನೋಡುವುದು. ಮಂಗಳವಾರ ಎಂಟು ನಿಮಿಷ. ಬುಧವಾರ ಐದು. ಭೇಷ್ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡರೆ, ತಮ್ಮನ ಚಿತ್ರ ಮಾತ್ರ ಅದೇ ಒಂದೂವರೆ ಗಂಟೆಗೆ ಬಂದು ಹಲ್ಲು ಕಿರಿಯುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಗುರುವಾರ ಮಧ್ಯಾಹ್ನ ತಮ್ಮನ ಫೋನು ಬಂತು.

"ಅಕ್ಕ, ಇಲ್ಲಿರೋ ಮೆಷೀನ್ ಒಂದ್ಸಲ ನೋಡ್ಲಾ?"

"ಅದಕ್ಕೆ ಕೈ ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ? ಚಿತ್ರ ತೆಗಿ, ಕಳ್ಸು. ಮಿಕ್ಕಿದ್ದು ನಾನು ನೋಡ್ಕೋತೀನಿ." ಫೋನ್ ಕುಕ್ಕಿದಳು.

ಹನ್ನೊಂದು ವರ್ಷದವನಿದ್ದಾಗ ಅವನು ಮನೆಯ ರೇಡಿಯೋ ಬಿಚ್ಚಿ, ಮತ್ತೆ ಜೋಡಿಸಿ, ಮೂರು ಸ್ಕ್ರೂ ಉಳಿಸಿದ್ದ. ರೇಡಿಯೋ ಆಮೇಲೆ ತುಟಿಪಿಟಕ್ಕೆನ್ನಲಿಲ್ಲ. ಈಗ ಅವನಿಗೆ ನಲವತ್ತೊಂದು. ಅಕ್ಕನ ಕಣ್ಣಿಗೆ ಇನ್ನೂ ಆ ಸ್ಕ್ರೂ ಉಳಿಸಿದವನೇ.

ಶುಕ್ರವಾರ ಒಂದು ಗಂಟೆಗೆ, ಊಟದ ಡಬ್ಬಿ ಮುಚ್ಚಳ ಕೂಡ ತೆಗೆಯದೆ, ಬರುತ್ತಿರುವ ಚೂರುಗಳ ಪಟ್ಟಿಯನ್ನೇ ದಿಟ್ಟಿಸುತ್ತಿದ್ದಳು. ಒಂದೇ ಚೂರು ಎರಡೆರಡು ಸಲ, ಮೂರು ಮೂರು ಸಲ ಬರುತ್ತಿತ್ತು. ಯಾವುದೋ ಮೆಷೀನಿಗೆ ಕಾಯುವಷ್ಟು ತಾಳ್ಮೆಯಿಲ್ಲ, ಕಳಿಸಿದ್ದನ್ನೇ ಕಳಿಸಿ ಲಿಂಕನ್ನೆಲ್ಲ ತುಂಬಿಸುತ್ತಿದೆ. ಯಾವುದದು? ಕಳಿಸುವುದು. ಚಿತ್ರ ಕಳಿಸುವುದು ಯಾವ ಕಡೆಯದು? ಶಾಖೆಯದು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಹಣೆ ಚಚ್ಚಿಕೊಂಡಳು. ತಾಳ್ಮೆಯ ಪಾಠವನ್ನೆಲ್ಲ ಅವಳು ಹೇಳಿಕೊಟ್ಟದ್ದು ಇಲ್ಲಿ ಸುಮ್ಮನೆ ಕೂತು ಇಸಿದುಕೊಳ್ಳುವ ಮೆಷೀನಿಗೆ. ಪರೀಕ್ಷೆ ಮಾಡಿದ್ದೂ ಇಲ್ಲಿಂದ ಅಲ್ಲಿಗೆ ಕಳಿಸಿಯೇ. ಈ ನಾಲ್ಕು ದಿನವಷ್ಟೇ ಅಲ್ಲ, ಮೂರು ವರ್ಷದಿಂದಲೂ ಇದೇ ಕತೆ! ತಕ್ಷಣ ತಮ್ಮನಿಗೆ ಫೋನ್ ಮಾಡಿದಳು.

"ಏ, ಆ ಮೆಷೀನಿನ ಫೈಲ್ ತೆಗಿಯೋ, ಬೇಗ."

"ಯಾವ್ದು? ಕೈ ಹಾಕ್ಬಾರ್ದು ಅಂದಿದ್ಯಲ್ಲ, ಅದಾ?"

"ತಲೆಹರಟೆ ಮಾಡ್ಬೇಡ. ಕಾಯೋ ಹೊತ್ತಿನ ಸಾಲು ಹುಡುಕು."

"ಹನ್ನೆರಡನೇದು. ಕಾಲು ಸೆಕೆಂಡ್ ಅಂತಿದೆ. ಕೇಬಲ್ ಕಾಲದ್ದು. ಉಪಗ್ರಹಕ್ಕೆ ಹೋಗಿ ಬರೋಕೇ ಅದಕ್ಕಿಂತ ಜಾಸ್ತಿ ಬೇಕು."

"ಇಷ್ಟು ಬೇಗ ಹೇಗೆ ಸಿಕ್ತು?"

"ಓದಿದ್ದೆ. ಓದೋಕೆ ಕೈ ಹಾಕ್ಬೇಕಾಗಿಲ್ಲವಲ್ಲ."

ಅವಳು ಅದನ್ನು ಒಂದೂವರೆ ಸೆಕೆಂಡ್ ಮಾಡಲು ಹೇಳಿದಳು. ಅವನು ಮಾಡಿದ. ಮುಂದಿನ ಸ್ಕ್ಯಾನಿನ ಚಿತ್ರ ಏಳು ನಿಮಿಷಕ್ಕೆ ಬಂದು ಕೂತಿತು. ಅದರ ಮುಂದಿನದು ಆರೂವರೆ ನಿಮಿಷಕ್ಕೆ. ಮೂರು ಗಂಟೆಗೆ ಅವಳು ಸಭೆಯೊಳಗೆ ನುಗ್ಗಿ ಎಲ್ಲರೆದುರು ತೋರಿಸಿದಳು. ಕೋಣೆ ಮುಚ್ಚುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು.

"ನೋಡಿದ್ರಾ ಮೇಡಂ, ಜಾಸ್ತಿ ಮಾಡಿ ಅಂತ ನಾನು ಮೊದಲೇ ಹೇಳಿರ್ಲಿಲ್ವಾ?" ಎಂದರು ಆಡಳಿತಾಧಿಕಾರಿ. ಅವರ ತಲೆಯ ಮೇಲೆ ನೀರಿನ ಜಗ್ ಬೋರಲು ಹಾಕಬೇಕೆನಿಸಿತು. ಹಲ್ಲು ಕಚ್ಚಿಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತೇ ತಮ್ಮನಿಗೆ ಫೋನ್ ಮಾಡಿದಳು.

"ಕೋಣೆ ಉಳೀತು ಕಣೋ!"

"ಒಳ್ಳೇದಾಯ್ತು ಬಿಡು ಅಕ್ಕ. ನಾನು ಉಳಿಯಲ್ಲ. ಬೆಳಿಗ್ಗೇನೇ ರಾಜೀನಾಮೆ ಕೊಟ್ಟೆ. ಮುಂದಿನ ತಿಂಗಳು ಬೇರೆ ಕಡೆ ಸೇರ್ತೀನಿ."

"ಹುಚ್ಚಾ ನಿಂಗೆ? ಮುಚ್ಚಲ್ಲ ಅಂದೆನಲ್ಲ, ವಾಪಸ್ ತಗೋ ಅದನ್ನ!"

"ಮುಚ್ತಾರೆ ಅಂತ ಕೊಟ್ಟಿದ್ದಲ್ಲ. ಆ ಬೆಂಚಿನ ಮೇಲೆ ಕೂತವರ ಮುಖ ಮೂರು ವರ್ಷ ನೋಡಿದೋನು ನಾನು. ಆ ಸಾಲು ನನ್ನ ಕಣ್ಣೆದುರೇ ಇತ್ತು. ಪ್ರತಿ ಸಲ ಕೇಳ್ದೆ, ಪ್ರತಿ ಸಲ ನೀನು ಬೈದು ಫೋನ್ ಇಟ್ಟೆ. ಸಾಕಾಯ್ತು ಅಕ್ಕ."

ಕೆಳಗಿನಿಂದ ಯಾರೋ "ನೆಟ್ ಅಕ್ಕ, ಪ್ರಿಂಟರ್ ನಿಂತಿದೆ" ಎಂದು ಕೂಗಿದರು. ಅವಳು ತಿರುಗಲಿಲ್ಲ.

"ನಿನ್ನ ಜಾಗಕ್ಕೆ ಬರೋರಿಗೆ ಆ ಫೈಲ್ ಓದೋದು ಹೇಳ್ಕೊಟ್ಟು ಹೋಗು," ಎಂದಳು ಕೊನೆಗೆ.

"ಹೇಳ್ಕೊಡ್ತೀನಿ. ಅವರು ಫೋನ್ ಮಾಡಿದ್ರೆ ನೀನು ಕೇಳಿಸ್ಕೋ."