ಕುಂಕುಮದ ಗೆರೆ ತೊಳೆಯುವ ಊರಿನಲ್ಲಿ

ನಡುಮನೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಪುಸ್ತಕಗಳನ್ನು ಅಟ್ಟಕ್ಕೆ ಸಾಗಿಸುತ್ತಿದ್ದ ನಾನು ತಿರುಗಿ ನೋಡಿದರೆ, ಎದುರುಮನೆಯ ಜಯಮ್ಮ ಅರಿಶಿನ, ಕುಂಕುಮ, ಹೂವಿನ ತಟ್ಟೆ ಹಿಡಿದು, ಸೀರೆ ಎತ್ತಿಕಟ್ಟಿ, ನೀರು ಸೀಳುತ್ತ ಒಳಗೆ ಬರುತ್ತಿದ್ದರು. ನಮ್ಮನ್ನು ಕರೆದೊಯ್ಯಲು ಬಂದರೆಂದು ತಿಳಿದೆ. ಅವರು ನನ್ನತ್ತ ನೋಡಲೂ ಇಲ್ಲ. ನೀರು ಗೋಡೆಯನ್ನು ಮುಟ್ಟಿದ್ದ ಎತ್ತರಕ್ಕೆ ಸರಿಯಾಗಿ ಕುಂಕುಮದ ಉದ್ದನೆಯ ಗೆರೆ ಎಳೆದು, ಹೂವು ತೇಲಿಬಿಟ್ಟು ಕೈಮುಗಿದರು.

"ಕಾವೇರಮ್ಮ ಬಂದವ್ಳೆ ಸಾ. ಇಷ್ಟಕ್ಕೇ ನಿಂತ್ಕೊ ತಾಯಿ ಅಂತ ಕೇಳ್ಕಳಿ."

ಏಣಿಯ ಮೇಲಿದ್ದ ನನ್ನ ಹೆಂಡತಿ ಸರೋಜಾ, "ಅಕ್ಕಾ, ಮೊದ್ಲ ಅಮ್ಮಗ ಹೊರಗಿನ ದಾರಿ ತೋರಿಸ್ರಿ. ಕುಂಕುಮ ಆಮ್ಯಾಲ ಹಚ್ಚೂಣು," ಎಂದಳು.

ಭೀಮಾತೀರದ ನನ್ನ ಓದುಗರಿಗೆ ಇದನ್ನು ಕ್ರಮವಾಗಿ ಹೇಳಬೇಕು. ಬದುಕಿನುದ್ದಕ್ಕೂ ಶಾಸನಗಳ ತೇದಿಗಳನ್ನು ಒಂದಕ್ಕೊಂದು ತಾಳೆ ನೋಡಿ ನಿವೃತ್ತನಾದ ನಾನು ವಿಜಯಪುರ ಜಿಲ್ಲೆಯನ್ನು ಬಿಟ್ಟು ಇಲ್ಲಿಗೆ ಬಂದದ್ದು ಸರೋಜಾಳ ಆಸೆಯಿಂದ. ರುದ್ರಪಟ್ಟಣದ ವಾರ್ಷಿಕ ಸಂಗೀತೋತ್ಸವಕ್ಕೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಮನೆ ಬೇಕೆಂದು ಅವಳು ವರ್ಷಗಳಿಂದ ಹೇಳುತ್ತಿದ್ದಳು. ಮೊದಲು ಹಾಸನದಲ್ಲಿ ಬಾಡಿಗೆಗಿದ್ದು, ಅಲ್ಲಿಂದ ಹುಡುಕುತ್ತ ಹುಡುಕುತ್ತ ಅರಕಲಗೂಡು ತಾಲ್ಲೂಕಿನ ಈ ಊರನ್ನು ಸೇರಿದೆವು. ಕಾವೇರಿ ಕಾಣುವ ಕೆಳಗಿನ ಬೀದಿಯಲ್ಲಿ ಹೆಂಚಿನ ಮನೆಯೊಂದು ಸಿಕ್ಕಿತು. ಮಾರಿದವರು ನಂಜೇಗೌಡರು, ವಾಸ ಮೇಲಿನ ಬೀದಿಯಲ್ಲಿ, ಜಮೀನು ಹೊಳೆಯ ಎರಡೂ ಮಗ್ಗುಲಲ್ಲಿ.

ಕನ್ನಡದಿಂದ ಕನ್ನಡಕ್ಕೆ ವಲಸೆ ಬಂದವನಿಗೂ ಭಾಷೆ ಕಲಿಯುವುದು ತಪ್ಪುವುದಿಲ್ಲ. ಇಲ್ಲಿ ಏನನ್ನಾದರೂ ಇಡುವುದೆಂದರೆ 'ಮಡಗು'ವುದು. ತೋಟ 'ತ್ವಾಟ'ವಾಗುತ್ತದೆ, ಹೋಗುವವರು 'ಓಗು'ತ್ತಾರೆ. ನಮ್ಮ 'ರೀ' ಕೇಳಿದರೆ ಅಂಗಡಿಯವರು ನಗುತ್ತಾರೆ. ಜೋಳದ ರೊಟ್ಟಿಯ ಕೈ ಮುದ್ದೆ ಮುರಿಯಲು ಒಗ್ಗಲಿಲ್ಲ, ಜಯಮ್ಮ ತುತ್ತನ್ನು ಸಾರಿನಲ್ಲಿ ಹೊರಳಿಸಿ ನುಂಗುವುದನ್ನು ತೋರಿಸಿಕೊಟ್ಟು, "ಅಗೀಬ್ಯಾಡಿ ಸಾ, ಅದೇನು ಕಬ್ಬಾ?" ಎಂದರು. ಸಂಜೆ ಹೊತ್ತು ನದಿಯ ಸದ್ದು ಮಾತ್ರ ನಮ್ಮೂರಿನದೇ ಅನ್ನಿಸುತ್ತಿತ್ತು. ಅಲ್ಲಿ ನಮ್ಮ ನೆರೆ ಮಹಾರಾಷ್ಟ್ರದ ಮಳೆಯದು, ಇಲ್ಲಿಯದು ಕೊಡಗಿನದು. ಎರಡು ಕಡೆಯೂ ಬೇರೆಯವರ ಮಳೆಗೆ ನಾವು ನೆನೆಯುತ್ತೇವೆ.

ವ್ಯತ್ಯಾಸವಿರುವುದು ನೀರು ಇಳಿದ ಮೇಲೆ. ನಮ್ಮೂರಿನ ಅಗಸಿಯ, ಅಂದರೆ ಊರಬಾಗಿಲಿನ, ಕಲ್ಲಿನಲ್ಲಿ ಹಿರಿಯರು ಪ್ರತಿ ನೆರೆಯ ಎತ್ತರಕ್ಕೂ ಗೆರೆ ಕೊರೆಸಿದ್ದಾರೆ. ಮನೆ ಕಟ್ಟುವವನು ಮೊದಲು ಆ ಗೆರೆಗಳನ್ನು ನೋಡುತ್ತಾನೆ. ಅದೇ ಅಭ್ಯಾಸದಿಂದ ನಾನು ಈ ಮನೆಯನ್ನೂ ಪರೀಕ್ಷಿಸಿದ್ದೆ. ಗೋಡೆ, ಕಂಬ, ಬೀದಿಯ ಬಾವಿಕಟ್ಟೆ, ಎಲ್ಲಿಯೂ ಗುರುತಿರಲಿಲ್ಲ. ನಂಜೇಗೌಡರು ಪಕ್ಕದಲ್ಲೇ ನಿಂತು, "ಚೆನ್ನಾಗಿ ನೋಡ್ಕಳಿ ಸಾ, ನೀವು ತಿಳ್ದೋರು," ಎಂದಿದ್ದರು. ಗುರುತಿಲ್ಲ, ಆದ್ದರಿಂದ ನೀರು ಬಂದಿಲ್ಲ ಎಂದು ತೀರ್ಮಾನಿಸಿದೆ.

ಜಯಮ್ಮ ಗೆರೆ ಎಳೆದ ಆ ಶ್ರಾವಣದ ನೀರು ಇಳಿದ ಮೇಲೆ ಬೀದಿಯ ಹೆಂಗಸರೆಲ್ಲ ಅರಿಶಿನದ ನೀರು, ತೆಂಗಿನ ನಾರು ಹಿಡಿದು ಮನೆಮನೆಗೂ ಬಂದರು. ಗೋಡೆಗಳ ಮೇಲಿನ ಕುಂಕುಮದ ಗೆರೆಯನ್ನೂ ಕೆಸರಿನ ಕಲೆಯನ್ನೂ ಉಜ್ಜಿ ತೊಳೆದರು. ಮೇಲೆ ಸುಣ್ಣ ಬಳಿದರು. ಗುರುತು ಉಳಿದರೆ ಅಮ್ಮನನ್ನು ಮತ್ತೆ ಕರೆದಂತೆ ಎಂಬುದು ಇಲ್ಲಿಯ ನಂಬಿಕೆ. ಕೆಲಸದಲ್ಲಿ ಅವರಿಗಿದ್ದ ನುರಿತ ವೇಗವನ್ನು ಗಮನಿಸಿದೆ. ಇಂಥ ಕೈಚಳಕ ಒಂದು ಸಲಕ್ಕೆ ಬರುವುದಲ್ಲ.

ನಂಜೇಗೌಡರ ಜಗುಲಿಗೆ ಹೋದೆ. ದಿನವೂ ಕಾಫಿ ಕುಡಿಯುತ್ತಿದ್ದ ಜಾಗ. "ಮನೆಗೆ ನೀರು ಬರುತ್ತದೆಂದು ನಿಮಗೆ ಗೊತ್ತಿತ್ತು," ಎಂದೆ.

"ಬರಲ್ಲ ಅಂತ ನಾನು ಅಂದಿದ್ನಾ ಸಾ?"

"ಬರುತ್ತದೆ ಎಂದೂ ಹೇಳಲಿಲ್ಲ."

"ಇನ್ನೊಬ್ರ ಮನೆಗೆ ನೀರು ಬರ್ಲಿ ಅಂತ ಬಾಯಲ್ಲಿ ಆಡ್ತಾರಾ? ಸಾಪ ಆಕ್ದಂಗೆ ಅದು. ಕಾಫಿ ಆರೋಯ್ತದೆ, ಕುಡೀರಿ."

ಆ ದಿನ ಕುಡಿಯದೆ ಎದ್ದು ಬಂದೆ. ಆದರೆ ದ್ವೇಷಕ್ಕಿಂತ ಹಳೆಯ ಕಸುಬು ಗಟ್ಟಿ. ಬೀದಿಯ ಹಿರಿಯರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಹಿಂದಿನ ನೆರೆಗಳನ್ನು ಕೇಳಿದೆ. ಇಸವಿ ಯಾರಿಗೂ ನೆನಪಿಲ್ಲ. ಒಬ್ಬರಿಗೆ ಮಗಳ ಬಾಣಂತನ, ಇನ್ನೊಬ್ಬರಿಗೆ ಎತ್ತು ಸತ್ತ ವರ್ಷ. ಅವನ್ನು ಪರಸ್ಪರ ತಾಳೆ ನೋಡಿದೆ, ಹಾಸನದ ಗ್ರಂಥಾಲಯದ ಹಳೆಯ ಪತ್ರಿಕೆಗಳೊಂದಿಗೆ ಹೋಲಿಸಿದೆ. ಹೊಂದದ ಇಸವಿಗಳನ್ನು ಇಲ್ಲಿ ಬರೆಯಲಾರೆ. ಆದರೆ ನಮ್ಮ ಕಿಟಕಿಯ ಮಟ್ಟದವರೆಗೂ ನೀರು ಬಂದದ್ದುಂಟು, ಒಂದಕ್ಕಿಂತ ಹೆಚ್ಚು ಸಲ, ಎಂಬಷ್ಟರಲ್ಲಿ ಎಲ್ಲರ ಮಾತೂ ಕೂಡಿತು.

ಅರಳಿಕಟ್ಟೆಯಲ್ಲಿ ಸಭೆ ಸೇರಿಸಿದೆ. ಬೀದಿಯ ಬಾಯಲ್ಲಿ ಒಂದು ಕಲ್ಲು ನೆಟ್ಟು ಆ ಎತ್ತರಕ್ಕೆ ಗೆರೆ ಕೊರೆಸೋಣ; ಹೊಸದಾಗಿ ಕಟ್ಟುವವರು ಜಗುಲಿಯನ್ನು ಗೆರೆಗಿಂತ ಮೇಲೆ ಏರಿಸಲಿ; ನಡೆಯಲಾಗದವರಿರುವ ಮನೆಯವರು ನೀರು ಏರುವ ಮೊದಲೇ ಮೇಲಿನ ಶಾಲೆಗೆ ಹೋಗಲಿ. ಇಷ್ಟೇ ನನ್ನ ಬೇಡಿಕೆ. ನಂಬಿಕೆಗೆ ಅಡ್ಡಿಯಾದೀತೆಂದು ಹೆದರಿದ್ದೆ. ಆದರೆ ಮೊದಲು ಎದ್ದವರು ನಂಜೇಗೌಡರೇ. "ಮಡಗಿ ಸಾ. ಮನೆ ಗ್ವಾಡೆ ಮ್ಯಾಲೆ ಬ್ಯಾಡ, ಬೀದೀಲಿ ಇರ್ಲಿ. ಕಲ್ಲು ನಂದೇ." ಹೊಲದಿಂದ ಚಪ್ಪಡಿ ಬಂತು. ಇಡೀ ಬೀದಿ ಹಗ್ಗ ಹಿಡಿದು ಅದನ್ನು ನಿಲ್ಲಿಸಿತು. ನಡುವೆ ನಾನು ಕೈ ಹಾಕಿದಾಗ ಯಾರೋ, "ಲೇ, ನಮ್ ಮೇಷ್ಟ್ರು ಕಾಲ್ಮ್ಯಾಲೆ ಬಿಟ್ಟೀರಿ ಕಣ್ರಲಾ!" ಎಂದು ಕೂಗಿದರು. 'ನಮ್' ಎಂಬ ಆ ಮಾತಿಗೆ ನಾನು ಸಂತೋಷದಿಂದ ಕರಗಿಹೋದೆ. ಗೌಡರ ಜಗುಲಿಯ ಕಾಫಿಯೂ ಮತ್ತೆ ಶುರುವಾಯಿತು.

ಬೇಸಿಗೆಯಲ್ಲಿ ಕಣ್ಣಿನ ಚಿಕಿತ್ಸೆಗೆಂದು ಹಾಸನಕ್ಕೆ ಹೋಗಿ ಕೆಲವು ದಿನ ಅಲ್ಲಿಯೇ ಉಳಿದೆವು. ಹಿಂತಿರುಗಿ ಬಂದಾಗ ಕಲ್ಲು ಅಲ್ಲೇ ಇತ್ತು. ಗೆರೆ ಇರಲಿಲ್ಲ. ಕೆತ್ತಿದ ಮುಖವನ್ನು ಹಿಂದಿದ್ದ ಪಾಳುಗೋಡೆಗೆ ಒತ್ತುವಂತೆ ತಿರುಗಿಸಿ ನೆಟ್ಟಿದ್ದರು. ಹೊರಮುಖಕ್ಕೆ ಅರಿಶಿನ ಬಳಿದು ಹೂವು ಮುಡಿಸಿದ್ದರು. ಆ ಚಪ್ಪಡಿಯನ್ನು ಒಬ್ಬರು ತಿರುಗಿಸಲಾಗದು. ಮೊದಲು ಹಿಡಿದ ಕೈಗಳೇ ಮತ್ತೆ ಹಗ್ಗ ಹಿಡಿದಿರಬೇಕು.

ಕಾರಣ ಸಂಜೆಯೊಳಗೆ ತಿಳಿಯಿತು. ನಮ್ಮ ಪಕ್ಕದ ಖಾಲಿ ಮನೆಯೂ ನಂಜೇಗೌಡರದೇ. ಅದಕ್ಕೆ ಚನ್ನರಾಯಪಟ್ಟಣದ ಕಡೆಯ ಬಾಗೂರಿನಿಂದ ಗಿರಾಕಿ ಬರುವುದಿತ್ತು. ಉಳಿದವರಿಗೇನು ಲಾಭವೆಂದು ಜಯಮ್ಮನನ್ನು ಕೇಳಿದೆ. ಅವರು ತಲೆ ಎತ್ತದೆ ಸೊಪ್ಪು ಬಿಡಿಸುತ್ತ, "ಗೆರೆ ಕಂಡ್ರೆ ಈ ಬೀದಿಗೆ ಯಾರು ಎಣ್ಣು ಕೊಡ್ತಾರೆ ಸಾ? ನಮ್ಗೂ ಗಂಡ್ಮಕ್ಳು ಅವ್ರೆ," ಎಂದರು.

ಮರುದಿನ ಬಾಗೂರಿನವರು ಬಂದರು. ಹೆಸರು ಶಿವಣ್ಣ, ದರ್ಜಿ. ಆಟೋದಿಂದ ತಾಯಿಯನ್ನು ತೋಳಿನ ಮೇಲೆ ಎತ್ತಿ ತಂದು ನಮ್ಮ ಜಗುಲಿಯ ಮೇಲೆ ಕೂರಿಸಿದರು; ಆಕೆಗೆ ಎರಡೂ ಕಾಲು ಸ್ವಾಧೀನದಲ್ಲಿಲ್ಲ. "ಒಳೆ ಕಾಣ್ತದೆ ಕಣಪ್ಪ," ಎಂದು ಆಕೆ ಮಗುವಿನಂತೆ ನಕ್ಕರು. ನಂಜೇಗೌಡರು ಬೀಗ ತೆಗೆಯುತ್ತಿದ್ದರು. ಬೀದಿಯವರೆಲ್ಲ ಬಾಗಿಲುಗಳಲ್ಲಿ ನಿಂತಿದ್ದರು. ನಾನು ಸುಮ್ಮನಿದ್ದರೆ ಸಾಕಿತ್ತು, ಈ ಊರಿನವನಾಗಿ ಉಳಿಯುತ್ತಿದ್ದೆ.

ನಮ್ಮ ಜಗುಲಿಯ ಕಿಟಕಿಯ ಬಳಿಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟೆ. "ಶಿವಣ್ಣ, ನೀರು ಇಲ್ಲಿಯವರೆಗೆ ಬರುತ್ತದೆ."

ಅವರು ನನ್ನ ಕೈ ನೋಡಿದರು. ಅದರ ಕೆಳಗೆ ಕುಳಿತಿದ್ದ ತಾಯಿಯ ತಲೆ ನೋಡಿದರು. ಆಕೆಯನ್ನು ಎತ್ತಿಕೊಂಡು ಆಟೋಗೆ ಹೋದರು.

ನಂಜೇಗೌಡರು ಬೀಗ ಹಾಕಿ ನಡೆದರು. ಮಾತಾಡಿದವರು ಜಯಮ್ಮ. "ನಿಮ್ಮನ್ನ ನಮ್ಮೋರು ಅಂದ್ಕಂಡಿದ್ವಲ್ಲ ಸಾ. ಉಣ್ಣೋದು ಕಲ್ಸಿದ್ನಲ್ಲ. ಇಂಗೆ ಬೆನ್ನಿಗೆ ಚೂರಿ ಆಕ್ಬುಟ್ರಲ್ಲ." ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಮೋಸಹೋದವನು ನಾನೆಂಬ ಲೆಕ್ಕದಲ್ಲಿ ಇಷ್ಟು ಕಾಲ ಇದ್ದೆ.

ಈಗ ಮತ್ತೆ ಆಷಾಢದ ಗಾಳಿ ಬೀಸುತ್ತಿದೆ. ಬೀದಿಯಲ್ಲಿ ನಮ್ಮೊಡನೆ ಯಾರೂ ಮಾತಾಡುವುದಿಲ್ಲ. ಹಳೆಯ ಊರಿನ ಗೆಳೆಯರು ಫೋನ್ ಮಾಡಿದಾಗಲೆಲ್ಲ, "ನಿಮ್ಮ ಹೊಳಿ ಹೆಂಗೈತಿ?" ಎನ್ನುತ್ತಾರೆ; ಭೀಮೆ ಅವರ ಪಾಲಿಗೆ ಆಗಲೇ ನನ್ನದಲ್ಲ. ನಿನ್ನೆ ಸರೋಜಾಳಿಗೆ ಹೇಳಿದೆ, ಮನೆ ಮಾರಿ ಹೋಗೋಣ ಎಂದು.

"ತಗೊಳ್ಳಾಂವ ಬಂದ್ರ ಏನ್ ಹೇಳ್ತೀರಿ?"

"ಇದ್ದದ್ದನ್ನು ಹೇಳುತ್ತೇನೆ."

"ಹಂಗಾರ ಇಲ್ಲೇ ಇರೂದು ಆತು," ಎಂದು ಅವಳು ಪುಸ್ತಕಗಳನ್ನು ಅಟ್ಟಕ್ಕೆ ಏರಿಸತೊಡಗಿದಳು.