ಜೆಪಿಜಿ ಎಂದು ಹೆಸರಿಟ್ಟ ಫೈಲುಗಳು

ಮದ್ದೂರು ಬಸ್ ನಿಲ್ದಾಣದ ಹತ್ತಿರದ ಆನ್‌ಲೈನ್ ಅರ್ಜಿ ಅಂಗಡಿಗೆ ಕೆಲಸಕ್ಕೆ ಸೇರಿದ ದಿನದಿಂದ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಾಂಕ, ಯಾವ ಅರ್ಜಿ, ಯಾವ ಕಂಪ್ಯೂಟರ್, ಎಷ್ಟು ಫೈಲು, ಕೊನೆಗೆ ಏನಾಯಿತು. ಆ ವಾರ ಸೋಮವಾರದಿಂದ ಗುರುವಾರದವರೆಗೆ ಕಳಿಸಿದ ಅರ್ಜಿ ಮೂವತ್ತೊಂದು, ವಾಪಸ್ ಬಂದದ್ದು ಮೂರು. ಮೂರಕ್ಕೂ ಒಂದೇ ಷರಾ: ದಾಖಲೆ ತೆರೆಯುತ್ತಿಲ್ಲ. ಮೂರೂ ಎರಡನೇ ಕಂಪ್ಯೂಟರಿನಿಂದ ಹೋದವು.

ಅಲ್ಲಿ ಕೂರುವವನು ಮಳವಳ್ಳಿಯಿಂದ ಬರುವ ನನ್ನ ಸಹೋದ್ಯೋಗಿ. ಬಸ್ಸು ಹಿಡಿಯುವ ಆತುರದಲ್ಲಿ ಅವನೇ ಫೈಲು ಕೆಡಿಸುತ್ತಿದ್ದಾನೆಂದು ನನಗೆ ಅನುಮಾನ. ನೋಟ್‌ಬುಕ್ಕಿನ ಅವನ ಪುಟದಲ್ಲಿ ತಪ್ಪಿಗೊಂದರಂತೆ ಮೂರು ಗೀಟು ಎಳೆದಿದ್ದೆ.

ಶುಕ್ರವಾರ ಮೂರೂವರೆಗೆ ನಿಡಘಟ್ಟದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ವಾಪಸ್ ಬಂದ ಮೂರರಲ್ಲಿ ಅವಳ ಹಾಸ್ಟೆಲ್ ಅರ್ಜಿಯೂ ಒಂದು. ಐದು ಗಂಟೆಯೊಳಗೆ ಅಂಕಪಟ್ಟಿ ಮತ್ತೆ ಕಳಿಸದಿದ್ದರೆ ಮಂಡ್ಯದ ಹಾಸ್ಟೆಲಿನ ಸೀಟು ಬೇರೆಯವರಿಗೆ. ಸೀಟಿಲ್ಲದಿದ್ದರೆ ಕಾಲೇಜೂ ಇಲ್ಲವೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಏನ್ ಮಾಡಿದ್ದೆ ಇದಕ್ಕೆ?" ಎಂದು ಸಹೋದ್ಯೋಗಿಯನ್ನು ಕೇಳಿದೆ.

"ನೀ ಹೇಳ್ಕೊಟ್ಟಿದ್ದೇ ಕಣಮ್ಮ. ಸೈಟು ಜೆಪಿಜಿ ಕೇಳ್ತು, ಹೆಸ್ರು ಬದ್ಲಾಯಿಸ್ದೆ, ಹಸ್ರು ಟಿಕ್ಕು ಬಂತು. ಇನ್ನೇನ್ ಆರ್ತಿ ಎತ್ಬೇಕಿತ್ತಾ?"

ಅದು ನಮ್ಮ ಅಂಗಡಿಯ ಪದ್ಧತಿ. ಫೈಲಿನ ಹೆಸರಿನ ಕೊನೆಯ ಚುಕ್ಕಿಯ ನಂತರ ಏನೇ ಇರಲಿ, ಅಳಿಸಿ ಜೆಪಿಜಿ ಎಂದು ಬರೆಯುವುದು. ತಿಂಗಳುಗಟ್ಟಲೆ ನಡೆದಿತ್ತು. ಹಾಗಾದರೆ ನನ್ನ ಫೈಲುಗಳೇಕೆ ವಾಪಸ್ ಬರಲಿಲ್ಲ? ನಾನು ಅವನ ಮಾತು ನಂಬಲಿಲ್ಲ.

ಹುಡುಗಿಯ ತಾಯಿ ಆಲೆಮನೆಯಲ್ಲಿ ಬೆಲ್ಲದ ಅಚ್ಚು ಹಾಕುವವರು. ಬೆಂಚಿನ ಮೇಲಿಂದ ನಮ್ಮಿಬ್ಬರನ್ನೂ ಒಂದೇ ಥರ ನೋಡುತ್ತಿದ್ದರು.

"ಮೂಟೆ ಮ್ಯಾಲಿನ ಚೀಟಿ ಓದ್ಬುಟ್ಟು ಮಂಡೀಲಿ ಯಾರವ್ವ ಬೆಲ್ಲ ತಗತಾರೆ? ಅಚ್ಚು ಮುರ್ದು ನೋಡ್ತಾರೆ. ನೀವಿಬ್ರಲ್ಲಿ ಒಬ್ರಾದ್ರೂ ಒಳ್ಗಡೆ ನೋಡಿದ್ರಾ?"

ನೋಡಿರಲಿಲ್ಲ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಓದಲಾಗದ ಗುರುತುಗಳ ರಾಶಿ. ಮೊದಲ ಸಾಲಿನ ಆರಂಭದಲ್ಲಿ ಮಾತ್ರ ಇಂಗ್ಲಿಷಿನ ಮೂರಕ್ಷರ ಸ್ಪಷ್ಟವಾಗಿತ್ತು: ಪಿಡಿಎಫ್. ಸೋಮವಾರವಷ್ಟೇ ಎರಡನೇ ಕಂಪ್ಯೂಟರಿಗೆ ಹೊಸ ಸ್ಕ್ಯಾನರ್ ಬಂದಿತ್ತು. ಅದು ಸ್ಕ್ಯಾನ್ ಮಾಡಿದ್ದನ್ನೆಲ್ಲ ಪಿಡಿಎಫ್ ಮಾಡುತ್ತದೆ. ಆ ವಾರ ಅದರಲ್ಲಿ ಸ್ಕ್ಯಾನ್ ಆದದ್ದು ಈ ಮೂವರ ದಾಖಲೆ ಮಾತ್ರ; ಅವನ ಉಳಿದ ಗಿರಾಕಿಗಳು ಫೋನಿನಲ್ಲಿ ತೆಗೆದ ಚಿತ್ರ ತಂದಿದ್ದರು.

ಉಳಿದದ್ದನ್ನು ಆಮೇಲೆ ಓದಿ ತಿಳಿದುಕೊಂಡೆ. ಫೈಲು ಕಳಿಸುವಾಗ ಬ್ರೌಸರ್ ಅದರ ಒಳಗೆ ನೋಡುವುದಿಲ್ಲ. ಹೆಸರಿನ ಬಾಲ ನೋಡಿ, ಇದು ಜೆಪಿಜಿ ಚಿತ್ರ ಎಂದು ಚೀಟಿ ಅಂಟಿಸುತ್ತದೆ. ಆ ಸೈಟಿನ ಸರ್ವರ್ ಚೀಟಿಯನ್ನೇ ನಂಬಿ ಟಿಕ್ಕು ಹಾಕುತ್ತದೆ, ಕಚೇರಿಯವರಿಗೂ ಅದೇ ಚೀಟಿಯೊಂದಿಗೆ ಕೊಡುತ್ತದೆ. ಒಳಗಿರುವುದು ಬೇರೆ ಬಗೆಯ ಚಿತ್ರವಾದರೆ, ಅಲ್ಲಿನ ಬ್ರೌಸರ್ ಅದರ ಮೊದಲ ಅಕ್ಷರಗಳನ್ನು ನೋಡಿ ಹೇಗೋ ತೋರಿಸಿಬಿಡುತ್ತದೆ. ನನ್ನ ಕಂಪ್ಯೂಟರಿನ ಹಳೆಯ ಸ್ಕ್ಯಾನರ್ ಕೊಡುತ್ತಿದ್ದದ್ದು ಚಿತ್ರವನ್ನೇ; ನನ್ನ ತಪ್ಪುಗಳೆಲ್ಲ ಹಾಗೆ ದಾಟಿಕೊಂಡಿದ್ದವು. ಪಿಡಿಎಫ್ ಚಿತ್ರವಲ್ಲ, ಹಾಗಾಗಿ ಸಿಕ್ಕಿಬಿತ್ತು.

ಅಂಕಪಟ್ಟಿಯನ್ನು ನಿಜವಾದ ಜೆಪಿಜಿ ಚಿತ್ರವಾಗಿ ಉಳಿಸಿ, ನೋಟ್‌ಪ್ಯಾಡಿನಲ್ಲಿ ಎರಡು ಸಲ ಪರೀಕ್ಷಿಸಿ, ನಾಲ್ಕು ನಲವತ್ತಕ್ಕೆ ಕಳಿಸಿದೆ. ಹಸಿರು ಟಿಕ್ಕು ಬಂತು. ಹಿಂದಿನ ಸಲವೂ ಬಂದಿತ್ತು. 'ವೀಕ್ಷಿಸಿ' ಒತ್ತಿದೆ. ಅಂಕಪಟ್ಟಿ ಕಾಣಿಸಿತು.

"ನಿನ್ ಮಿಷನ್ನಲ್ಲಿ ಕಾಣ್ದೆ ಏನ್ಮಾಡ್ತದೆ?" ಎಂದರು ತಾಯಿ. "ಅತ್ಲಾಗಿರೋದ್ರಲ್ಲೂ ತೆಗ್ಸು."

ಸಹೋದ್ಯೋಗಿ ನನ್ನ ಕಡೆ ತಿರುಗಲಿಲ್ಲ. "ಈ ಮಿಷನ್ನ ನಂಬಕಾಯ್ತದಾ? ಮೂರು ಗೀಟು ಬಿದ್ದವೆ ಇದ್ರ ಮ್ಯಾಲೆ."

ಅವನು ನನ್ನ ನೋಟ್‌ಬುಕ್ ನೋಡಿದ್ದಾನೆಂದು ಆಗಲೇ ಗೊತ್ತಾದದ್ದು. "ತಪ್ಪು ನಂದೇ. ತೆಗಿ," ಎಂದೆ.

ತೆಗೆದ. ಹುಡುಗಿ ಪರದೆಗೆ ಬೆರಳು ತಾಗಿಸಿ ತನ್ನ ಹೆಸರು, ತಾಯಿಯ ಹೆಸರು, ಆರು ವಿಷಯಗಳ ಅಂಕ ಒಂದೊಂದಾಗಿ ಗಟ್ಟಿಯಾಗಿ ಓದಿದಳು. ತಾಯಿ ಕೈಯಲ್ಲಿದ್ದ ಮೂಲ ಅಂಕಪಟ್ಟಿ ಹಿಡಿದು, ಒಂದೊಂದು ಅಂಕಿಗೂ "ಊಂ" ಎನ್ನುತ್ತ ತಾಳೆ ನೋಡಿದರು. ಐದಕ್ಕೆ ಸೈಟಿನಲ್ಲಿ ಅರ್ಜಿಯ ಪುಟ ಮುಚ್ಚುವವರೆಗೂ ಅವರಿಬ್ಬರು ಅವನ ಕುರ್ಚಿಯ ಹಿಂದಿನಿಂದ ಕದಲಲಿಲ್ಲ. ನಾನೂ ಕದಲಲಿಲ್ಲ.